ಕಡ್ಡಿ ಟೀಚರ್ ಕೈಬಿಟ್ಟ ಪದ

ಸೋಪಿನ ಕಾರ್ಖಾನೆಯ ಆ ಮೇಲ್ವಿಚಾರಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎಷ್ಟೋ ಜನರ ಜೊತೆ ಜಗಳವಾಡಿ ಮರೆತಿದ್ದೇನೆ, ರಾಜಿಯಾಗಿ ಒಟ್ಟಿಗೆ ಟೀ ಕುಡಿದಿದ್ದೇನೆ. ಇವನೊಬ್ಬನನ್ನು ಮಾತ್ರ ಬಿಡಲಾಗಿಲ್ಲ. ಅವನು ಕೆಟ್ಟವನೂ ಅಲ್ಲ, ಉರಿಯುವುದು ಅದಕ್ಕೇ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕೈತೊಳೆದುಕೊಳ್ಳಬಹುದಿತ್ತು. ನನ್ನ ಮಗಳಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ, “ಹೆದರ್ಕೋಬೇಡಮ್ಮ” ಅಂದ. ಆಮೇಲೆ ಒಂದು ಲೆಕ್ಕ ಕೇಳಿದ. ಅದನ್ನು ಕೇಳುವುದಕ್ಕೆ ನಮ್ಮ ಮಾತಿನಲ್ಲಿ ಎಷ್ಟು ದಾರಿಗಳಿವೆ! ಇಷ್ಟರಲ್ಲಿ ಇಷ್ಟು ತೆಗೆದರೆ ಅನ್ನಬಹುದಿತ್ತು. ಹೋದರೆ ಅನ್ನಬಹುದಿತ್ತು. ಕೊಟ್ಟುಬಿಟ್ಟರೆ, ಮುರಿದುಹೋದರೆ, ಬೆಕ್ಕು ಕಚ್ಚಿಕೊಂಡು ಓಡಿದರೆ, ಏನು ಬೇಕಾದರೂ ಅನ್ನಬಹುದಿತ್ತು. ಅವನ ಬಾಯಿಗೆ ಬಂದದ್ದು ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಆಡದಿದ್ದ ಪದ.

ಆದರೆ ನಾನು ಬರೆಯಲು ಕೂತದ್ದು ಅವನ ಬಗ್ಗೆಯಲ್ಲ. ಆ ಪದವನ್ನು ನಮ್ಮ ಮನೆಯಿಂದ ಹೊರಗಟ್ಟಿದ ಟೀಚರ್ ಬಗ್ಗೆ.

ನಾನು ವೆಲ್ಡಿಂಗ್ ಕೆಲಸದವನು. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುತ್ತೇನೆ. ಶಾಲೆಗೆ ಹೋದದ್ದು ಏಳನೆಯ ತರಗತಿಯ ಅರ್ಧದವರೆಗೆ. ಮಿಕ್ಕ ಅರ್ಧ ಅಲ್ಲೇ ನನಗಾಗಿ ಕಾದು ಕೂತಿರಬೇಕು. ಟೀಚರನ್ನು ಮೊದಲು ಕಂಡದ್ದು ಮಗಳ ದೆಸೆಯಿಂದಲ್ಲ, ಕಂಬಿಯ ದೆಸೆಯಿಂದ. ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬುದ್ಧಿ ನಿಧಾನವಾದ ಮಕ್ಕಳ ಶಾಲೆ ಇತ್ತು. ಮೂರು ಕೋಣೆ, ಒಂದು ಉದ್ದದ ವರಾಂಡ, ಕೆಳಗಿನಿಂದ ಸದಾ ಏಳುವ ಟರ್ಪೆಂಟೈನ್ ವಾಸನೆ. ಮೆಟ್ಟಿಲು ಕಡಿದು. ಮಕ್ಕಳ ಕೈಗೆ ಎಟಕುವಷ್ಟು ತಗ್ಗಿನಲ್ಲಿ ಹೊಸ ಕಂಬಿ ಬೇಕೆಂದು ನನ್ನನ್ನು ಕರೆಸಿದ್ದರು. ನಾನು ಟೇಪು ಹಿಡಿದು ಬಗ್ಗಿದ್ದಾಗ ಮೇಲಿನಿಂದ ಒಬ್ಬ ಹೆಂಗಸು ಇಳಿದು ಬಂದರು. ಜೋರಾಗಿ ಸೀನಿದರೆ ಹಾರಿಹೋಗುವಷ್ಟು ತೆಳ್ಳಗಿದ್ದರು.

“ಪ್ರತಿ ಐದನೇ ಸರಳಿಗೆ ಕೆಂಪು ಬಣ್ಣ ಬಳೀರಿ” ಅಂದರು.

“ಯಾಕೆ?”

“ಮಕ್ಕಳು ಹತ್ತೋವಾಗ ಹಿಡ್ಕೊಂಡು ಎಣಿಸ್ತಾರೆ.”

“ಅಮ್ಮಾ, ನಾನು ಮಾಡ್ತಿರೋದು ಕಂಬೀನಾ, ಮಗ್ಗಿ ಪುಸ್ತಕಾನಾ?”

“ನಿಮಗೆ ಮಗ್ಗಿ ಬರುತ್ತಾ?”

“ಬರ್ದೆ ಏನು! ಇಷ್ಟು ವರ್ಷ ಕಬ್ಬಿಣ ಕೊಯ್ದಿರೋದು ಹೇಗೆ ಅನ್ಕೊಂಡ್ರಿ?”

“ಏಳರದ್ದು ಹೇಳಿ ನೋಡೋಣ.”

ಇಷ್ಟಕ್ಕೆಲ್ಲ ಬಗ್ಗುವವನಲ್ಲ ನಾನು. ಶುರು ಮಾಡಿದೆ. ಏಳೇಳ್ಲ ತನಕ ಗಾಡಿ ಸಲೀಸಾಗಿ ಓಡಿತು. ಏಳೆಂಟ್ಲ ಅನ್ನುವಲ್ಲಿ ನಿಂತಿತು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಅವರು ನಗಲಿಲ್ಲ. “ನಾನೂ ಅಲ್ಲೇ ಬೀಳ್ತಿದ್ದೆ. ಆ ಮೆಟ್ಟಿಲು ಎಲ್ಲರಿಗೂ ಜಾರುತ್ತೆ” ಅಂದರು.

ಆ ಮಾತು ಬಾಯುಪಚಾರದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಅವರು ಹತ್ತನೆಯ ತರಗತಿಯ ಲೆಕ್ಕದಲ್ಲಿ ಒಂದಲ್ಲ, ಎರಡು ಸಲ ಫೇಲಾದವರು. ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸಕ್ಕಿದ್ದರಂತೆ. ಯಾರೋ ಟೀಚರ್ ಹೆರಿಗೆ ರಜೆಗೆ ಹೋದಾಗ, ಮಕ್ಕಳನ್ನು ಸುಮ್ಮನೆ ಕೂರಿಸಿಕೊಂಡಿದ್ದರೆ ಸಾಕು ಎಂದು ಇವರನ್ನು ಕರೆತಂದರು. ಹೋದವರು ತಿರುಗಿ ಬರಲೇ ಇಲ್ಲ. “ಅವರಿನ್ನೂ ರಜೆ ಮೇಲಿದಾರೆ, ನಾನಿನ್ನೂ ಬದಲಿ ಟೀಚರ್ರು” ಎಂದು ಹೇಳಿಕೊಂಡು ನಗುತ್ತಿದ್ದರು. ಮೂರನೆಯ ಸಲ ಕೂತು ಲೆಕ್ಕ ಪಾಸು ಮಾಡಿ, ಇಂಥ ಮಕ್ಕಳಿಗೆ ಕಲಿಸುವ ತರಬೇತಿಯನ್ನೂ ಮುಗಿಸಿದ್ದರು. ಮಕ್ಕಳು ಅವರನ್ನು ಕಡ್ಡಿ ಟೀಚರ್ ಅನ್ನುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರೆಂದು ದೊಡ್ಡವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮಕ್ಕಳಿಗೆ ಆ ಕುಚೋದ್ಯ ಗೊತ್ತಿರಲಿಲ್ಲ. ಟೀಚರ ಚೀಲದ ತುಂಬ ಐಸ್ ಕ್ರೀಮಿನ ಕಡ್ಡಿಗಳಿದ್ದವು, ಅಷ್ಟೆ.

ಕಂಬಿ ಕೂರಿಸಿ, ಬೈದುಕೊಂಡೇ ಐದನೆಯ ಸರಳುಗಳಿಗೆ ಕೆಂಪು ಬಳಿದು ಮುಗಿಸಿದ ದಿನ, ನನ್ನ ಮನೆಯಲ್ಲೂ ಇಂಥ ಒಬ್ಬಳಿದ್ದಾಳೆಂದು ಬಾಯಿಬಿಟ್ಟೆ.

“ಶಾಲೆಗೆ ಹೋಗ್ತಾಳಾ?”

“ಹೋಗ್ತಿದ್ಲು. ಅವರು ಬೇಡ ಅಂದ್ರು. ಇವಳೂ ಬೇಡ ಅಂದ್ಲು. ನಾನು ಹೋಗಿ ಹೆಡ್‌ಮಾಸ್ಟರ್ ಮೇಜು ಗುದ್ದಿ ಬಂದೆ.”

“ಮೇಜು ಏನಂತು?”

ನನಗೆ ನಗು ಬಂತು. ಅವರು, “ನಾಳೆ ಕರ್ಕೊಂಡು ಬನ್ನಿ. ಅವಳಿಗೆ ಏನು ಬರಲ್ಲ ಅಂತ ಹೇಳ್ಬೇಡಿ, ಅದು ನನಗೇ ಗೊತ್ತಾಗುತ್ತೆ. ಏನು ಬರುತ್ತೆ ಅಷ್ಟು ಹೇಳಿ ಸಾಕು” ಅಂದರು.

ನನ್ನ ಮಗಳಿಗೆ ಬರುತ್ತಿದ್ದದ್ದು ಹುಡುಕುವುದು. ಅದಕ್ಕೇ ಮನೆಯಲ್ಲಿ ಅವಳನ್ನು ‘ಪತ್ತೆ’ ಎಂದು ಕರೆಯುತ್ತೇವೆ. ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಸೂಜಿ ಬಿದ್ದರೆ, ಕತ್ತರಿ ಬಟ್ಟೆಯ ರಾಶಿಯೊಳಗೆ ಸೇರಿಕೊಂಡರೆ, ನನ್ನ ಕನ್ನಡಕ ನನ್ನ ತಲೆಯ ಮೇಲೇ ಇದ್ದರೆ, “ಪತ್ತೇ, ಕಳೆದುಹೋಯ್ತಲ್ಲೇ!” ಅಂದರೆ ಮುಗಿಯಿತು. ಊಟ ಬಿಟ್ಟು ಏಳುವಳು. ಮೊಣಕಾಲೂರಿ ಮಂಚದಡಿ, ಮಿಷಿನ್ನಿನಡಿ, ಬಾಗಿಲ ಹಿಂದೆ ಎಲ್ಲ ನೋಡಿ, ಸಿಕ್ಕಮೇಲೆ ಎರಡೂ ಕೈಯಲ್ಲಿ ಹಿಡಿದು ತಂದುಕೊಡುವಳು. ಸಿಗುವ ತನಕ ಮಾತಿಲ್ಲ ಕತೆಯಿಲ್ಲ. ಅಕ್ಕಪಕ್ಕದ ಮನೆಯವರೂ ಬೀಗದ ಕೈ ಹೋದರೆ ಇವಳನ್ನು ಕರೆದುಕೊಂಡು ಹೋಗುತ್ತಿದ್ದರು. ಬೀದಿಯಲ್ಲಿ ಅವಳಿಗೆ ಮರ್ಯಾದೆ ಇದ್ದದ್ದು ಅದೊಂದರಲ್ಲೇ.

ಟೀಚರ್ ಅವಳಿಗೆ ಮೊದಲು ಎಣಿಸಲು ಹೇಳಿದರು. ಪತ್ತೆ ಗಡಗಡ ಇಪ್ಪತ್ತರವರೆಗೆ ಹೇಳಿದಳು. ನಾನು ಬಾಗಿಲಲ್ಲಿ ನಿಂತು ಎದೆ ಉಬ್ಬಿಸಿದೆ. “ಏಳು ಕಡ್ಡಿ ಕೊಡಮ್ಮ” ಅಂದರು. ಅವಳು ಕೈಗೆ ಸಿಕ್ಕಷ್ಟು ಬಾಚಿ ಕೊಟ್ಟಳು.

“ಅದು ಹಾಡು, ಲೆಕ್ಕ ಅಲ್ಲ” ಎಂದು ಟೀಚರ್ ನನ್ನ ಕಡೆ ತಿರುಗಿ ಹೇಳಿದರು. “ಹಾಡು ಚೆನ್ನಾಗಿ ಕಲಿಸಿದೀರ. ಈಗ ಹಾಡಿನ ಒಂದೊಂದು ಮಾತಿಗೂ ಒಂದೊಂದು ಕಡ್ಡಿ ಹಿಡಿಸ್ಬೇಕು.”

ಅದನ್ನು ಹಿಡಿಸಲು ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡುವುದು ಕಲಿತಳು. ಹದಿನೈದು ಎಂದರೆ ಒಂದು ಕಟ್ಟು, ಐದು ಬಿಡಿ. ಅದರಲ್ಲಿ ಆರು ತೆಗೆಯಬೇಕಾದರೆ ಬಿಡಿ ಸಾಲದು, ಕಟ್ಟು ಬಿಚ್ಚಬೇಕು. ನನಗೆ ಶಾಲೆಯಲ್ಲಿ ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಹೇಳಿಕೊಟ್ಟಿದ್ದರು, ಯಾರ ಮನೆ, ಯಾಕೆ ಸಾಲ, ಒಂದೂ ತಿಳಿದಿರಲಿಲ್ಲ. ಇಲ್ಲಿ ಮಕ್ಕಳ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ಕಟ್ಟು ಬಿಚ್ಚುವುದನ್ನು ನೋಡಿದಾಗ, ಇಷ್ಟು ವಯಸ್ಸಾದಮೇಲೆ, ಓಹೋ ಹೀಗಾ ಅನ್ನಿಸಿತು. ಆ ತರಗತಿಯಲ್ಲಿ ಒಬ್ಬ ಹುಡುಗ ಕಟ್ಟು ಬಿಚ್ಚಲು ಬಿಡುತ್ತಲೇ ಇರಲಿಲ್ಲ. ತಬ್ಬಿಕೊಂಡು ಕೂರುತ್ತಿದ್ದ. ಅವನಿಗೋಸ್ಕರ ಟೀಚರ್ ಬಿಚ್ಚುವುದಕ್ಕೇ ಬೇರೆ ಕಟ್ಟು ಇಟ್ಟಿದ್ದರು. ಇನ್ನೊಬ್ಬಳು ನಡೆದಾಡಿಕೊಂಡೇ ಎಣಿಸಬೇಕು, ಕೂತರೆ ಅಂಕಿಗಳೂ ಕೂತುಬಿಡುತ್ತಿದ್ದವು. ಅವಳ ಜೊತೆ ಇವರೂ ವರಾಂಡದ ಉದ್ದಕ್ಕೂ ನಡೆಯುತ್ತಿದ್ದರು.

ಟೀಚರ ಗಂಡ ಬಸ್ಸಿನ ಡ್ರೈವರು, ಭಾರೀ ಮಾತುಗಾರ. ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದವರು ಕೆಳಗೆ ಪೇಂಟ್ ಡಬ್ಬದ ಮೇಲೆ ಕೂತು ನನ್ನ ಹತ್ತಿರ ದೂರುತ್ತಿದ್ದರು: “ನೋಡಿ, ನಾನು ದಿನಾ ಎಷ್ಟು ದೂರ ಹೋಗಿ ಬರ್ತೀನಿ. ಇವಳು ಬೆಳಿಗ್ಗೆಯಿಂದ ಸಂಜೆ ತನಕ ಒಂದು, ಎರಡು ಅಂತಾಳೆ. ಮೂರು ಇನ್ನೂ ಬಂದಿಲ್ಲ.”

“ಮೂರು ಬರೋವಾಗ ನಿಮ್ಮ ಬಸ್ಸಲ್ಲೇ ಬರ್ಬೇಕಲ್ಲ, ಅದಕ್ಕೇ ತಡ” ಎಂದು ಮೇಲಿನಿಂದ ಉತ್ತರ ಬರುತ್ತಿತ್ತು.

ಆ ಪದದ ಗಲಾಟೆ ನಡೆದದ್ದು ಹೀಗೆ. ತರಗತಿಗೆ ದೊಡ್ಡ ಪುಸ್ತಕದ ಭಾಷೆಯೂ ಗೊತ್ತಿರಲಿ ಎಂದು ಟೀಚರ್ ಒಂದು ದಿನ ಐದು ಕಡ್ಡಿ ಇಟ್ಟು, “ಐದರಲ್ಲಿ ಎರಡು ಕಳೆದರೆ ಎಷ್ಟು?” ಎಂದು ಕೇಳಿದರು. ಪತ್ತೆ ಎದ್ದಳು. ಮೇಜಿನಡಿ ಹೊಕ್ಕಳು. ಬೆಂಚುಗಳ ಸಂದಿಯಲ್ಲಿ ನುಸುಳಿದಳು. ಕಸದ ಬುಟ್ಟಿ ಬೋರಲು ಹಾಕಿದಳು. ಟೀಚರಿಗೆ ಮೊದಲು ಅರ್ಥವಾಗಲಿಲ್ಲ. ಕೊನೆಗೆ ಇವಳು ಎಲ್ಲಿಂದಲೋ ಎರಡು ಹಳೆಯ ಕಡ್ಡಿ ಹೆಕ್ಕಿ ತಂದು, ಧೂಳು ಒರೆಸಿ, ಮೇಜಿನ ಮೇಲಿಟ್ಟು, “ಸಿಕ್ತು ಟೀಚರ್, ಅಳ್ಬೇಡಿ” ಅಂದಳಂತೆ.

ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಂಜೆ ನನಗೆ ಹೇಳುವಾಗಲೂ ನಗುತ್ತಿದ್ದರು. “ತಪ್ಪು ಅವಳದ್ದಲ್ಲ, ಪದದ್ದು. ನಾವೇ ಅಲ್ವಾ ಸೂಜಿ ಕಳೀತು, ಕತ್ತರಿ ಕಳೀತು ಅಂತ ಅವಳನ್ನ ಓಡಿಸೋದು? ಒಂದೇ ಪದಕ್ಕೆ ಮನೇಲಿ ಒಂದು ಅರ್ಥ, ಇಲ್ಲಿ ಒಂದು ಅರ್ಥ ಅಂದ್ರೆ ಮಗು ಏನು ಮಾಡ್ಬೇಕು? ಇವತ್ತಿಂದ ಈ ತರಗತೀಲಿ ಕಳೆಯೋದು ಇಲ್ಲ. ತೆಗೆಯೋದು ಮಾತ್ರ. ನೀವೂ ಮನೇಲಿ ಹಾಗೇ ಮಾಡಿ.”

ನಾವೂ ಹಾಗೇ ಮಾಡಿದೆವು. ಸೂಜಿ ಬಿದ್ದರೆ “ಕಾಣಿಸ್ತಿಲ್ಲ” ಅನ್ನಬೇಕು. ಹೇಳುವುದು ಸುಲಭ, ಆಡಿ ನೋಡಿ! ‘ಕಳೆದ ವಾರ’ ಅನ್ನುವ ಹಾಗಿಲ್ಲ, ಇವಳು ವಾರ ಹುಡುಕಲು ಏಳುವಳು. ‘ಹೊತ್ತು ಕಳೆಯೋದು’ ಇಲ್ಲ. ನನ್ನ ಭಾವಮೈದ ಬಂದು, “ಯಾಕೆ ಭಾವ, ಮುಖದಲ್ಲಿ ಕಳೇನೇ ಇಲ್ಲ” ಅಂದದ್ದೇ ತಡ, ನನ್ನ ಹೆಂಡತಿ ಅವನ ಬಾಯಿ ಮುಚ್ಚಿದಳು. ಆದರೆ ಲೆಕ್ಕ ಮಾತ್ರ ನೀರು ಕುಡಿದ ಹಾಗೆ ಬಂತು. ಹದಿನೈದರಲ್ಲಿ ಆರು ತೆಗೆದರೆ? ಕಟ್ಟು ಬಿಚ್ಚುತ್ತಾಳೆ, ತೆಗೆಯುತ್ತಾಳೆ, ಒಂಬತ್ತು. ಕಡ್ಡಿಯಿಲ್ಲದೆಯೂ ಬೆರಳು ಮಡಚಿ, ಒಂಬತ್ತು. ಸಿಕ್ಕ ಸಿಕ್ಕವರೆದುರಿಗೆಲ್ಲ ಕೇಳಿ ಹೇಳಿಸುತ್ತಿದ್ದೆ. ನನ್ನ ಹೆಂಡತಿ ಒಬ್ಬಳೇ ಒಂದು ಸಲ ದಾರ ಕಡಿಯುತ್ತ ಅಂದಳು: “ಹೊರಗಿನ ಜನ ನಮ್ಮ ಹಾಗೆ ಮಾತಾಡ್ತಾರಾ?”

“ಹೊರಗಿನವರ ಕತೆ ನಮಗ್ಯಾಕೆ?” ಎಂದು ರೇಗಿದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಹೊರಗಿನವರ ಕತೆ ಎರಡು ವರ್ಷದ ಮೇಲೆ ಮನೆಬಾಗಿಲಿಗೇ ಬಂತು. ಊರ ಹೊರಗಿನ ಸೋಪಿನ ಕಾರ್ಖಾನೆಯವರು ಪ್ಯಾಕಿಂಗ್ ಕೋಣೆಯಲ್ಲಿ ಈ ಶಾಲೆಯಲ್ಲಿ ಹದಿನೆಂಟು ತುಂಬಿದ ಒಬ್ಬರಿಗೆ ಜಾಗ ಕೊಡುತ್ತೇವೆ ಅಂದರು. ಒಂದೇ ಜಾಗ. ಡಬ್ಬದಲ್ಲಿ ಎಣಿಸಿ ಸೋಪು ತುಂಬುವುದು, ಒಡೆದದ್ದನ್ನು ತೆಗೆದು ಎಷ್ಟು ಕಡಿಮೆಯಾಯಿತೆಂದು ಹೇಳುವುದು. ಟೀಚರ್ ಇಬ್ಬರ ಹೆಸರು ಕೊಟ್ಟರು. ಒಬ್ಬ ಆ ಕಟ್ಟು ತಬ್ಬಿಕೊಳ್ಳುತ್ತಿದ್ದ ಹುಡುಗ, ಇನ್ನೊಬ್ಬಳು ನನ್ನ ಪತ್ತೆ.

ಆ ಜಾಗ ನನಗೆ ಎಷ್ಟು ಬೇಕಾಗಿತ್ತೆಂದು ಹೇಗೆ ಹೇಳಲಿ? ಸಂಬಳದ ಆಸೆಯಲ್ಲ. ಬೆಳಿಗ್ಗೆ ಎಲ್ಲರ ಮಕ್ಕಳೂ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಬಸ್ಸು ಹತ್ತುವಾಗ ಇವಳು ಕಿಟಕಿಯ ಗ್ರಿಲ್ಲು ಹಿಡಿದು ನೋಡುತ್ತಿದ್ದಳು. ಆ ಗ್ರಿಲ್ಲು ಮಾಡಿದವನು ನಾನು. ನಾವು ಗಂಡ ಹೆಂಡತಿ ಇಬ್ಬರೂ ಕಣ್ಣುಮುಚ್ಚಿದ ಮೇಲೆ ಅವಳಿಗೆ ಹೋಗಿ ಕೂರಲು ಒಂದು ಕುರ್ಚಿ, ‘ಬಂದೆಯಾ’ ಅನ್ನಲು ಒಂದಿಬ್ಬರು. ಇಷ್ಟೇ.

ನನ್ನ ಹೆಂಡತಿ ಹೊಸ ಅಂಗಿ ಹೊಲಿದಳು. ಟೀಚರ್ ಆ ಹುಡುಗನನ್ನೂ ಕರೆದುಕೊಂಡು ಜೊತೆಗೆ ಬಂದರು. ಪ್ಯಾಕಿಂಗ್ ಕೋಣೆ ಉದ್ದಕ್ಕಿತ್ತು, ಸೂರಿನ ತನಕ ಡಬ್ಬಗಳ ಗೋಡೆ. ಮೂಗಿಗೆ ಅಡರುವ ಘಮ. ಪತ್ತೆ ಹದಿನೈದು ಸೋಪು ಎಣಿಸಿ ಜೋಡಿಸಿದಳು, ಚೌಕಕ್ಕೆ ಚೌಕ ಕೂಡುವ ಹಾಗೆ. ಮೇಲ್ವಿಚಾರಕ ತಲೆದೂಗಿದ. “ಭೇಷ್. ಈಗ ಹೇಳಮ್ಮ, ಹದಿನೈದರಲ್ಲಿ ಆರು ಕಳೆದರೆ ಎಷ್ಟು?”

ಟೀಚರ ಕೈ ನನ್ನ ತೋಳನ್ನು ಹಿಡಿದದ್ದು ಗೊತ್ತಾಯಿತು. ಅಷ್ಟರಲ್ಲಿ ಪತ್ತೆ ಮೇಜಿನಡಿ ಇದ್ದಳು.

“ಅಯ್ಯೋ, ಏನಾಯ್ತು? ತಲೆ ತಿರುಗ್ತಾ?” ಅಂದ ಅವನು.

“ಏನಿಲ್ಲ ಸಾರ್, ನೀವು ತೆಗೆದರೆ ಅಂತ ಕೇಳಿ” ಅಂದರು ಟೀಚರ್.

“ಏನು ವ್ಯತ್ಯಾಸ?”

“ಇದೆ ಸಾರ್. ಒಂದ್ಸಲ ಕೇಳಿ.”

ಪಾಪ, ಕೇಳಿದ. ಇಷ್ಟು ಹೊತ್ತಿಗೆ ಪತ್ತೆ ಡಬ್ಬಗಳ ಗೋಡೆಯ ಹಿಂದೆ ಸೇರಿದ್ದಳು. ಟೀಚರ್ ಮೊಣಕಾಲೂರಿ ಕೂತು ಸಂದಿಯೊಳಕ್ಕೆ ಮುಖವಿಟ್ಟು ಕರೆದರು. “ಬಾಮ್ಮ ಕಂದ. ಆರು ತೆಗೆದರೆ ಎಷ್ಟು? ನಿನಗೆ ಗೊತ್ತಲ್ಲ?”

“ಇರಿ ಟೀಚರ್. ಆರು ಹೋಗಿದೆ. ಒಂದೂ ಸಿಕ್ಕಿಲ್ಲ” ಎಂದು ಒಳಗಿನಿಂದ ಕೇಳಿಸಿತು. ಆಮೇಲೆ ಡಬ್ಬಗಳು ಉರುಳಿದವು.

ಮೇಲ್ವಿಚಾರಕ ಅವಳಿಗೆ ಪೆಟ್ಟಾಯಿತಾ ಎಂದು ನೋಡಿದ. ಇಲ್ಲ ಎಂದು ಗೊತ್ತಾದ ಮೇಲೆ ಮೆತ್ತಗೆ ಹೇಳಿದ: “ಪಕ್ಕದಲ್ಲೇ ಮಿಷಿನ್ ಓಡ್ತಿರುತ್ತೆ ಸಾರ್. ಹೀಗೆ ನುಗ್ಗಿದ್ರೆ ಕೈಯೋ ಕಾಲೋ ಹೋಗುತ್ತೆ. ನನಗೂ ಮಕ್ಕಳಿದಾರೆ.” ಆಮೇಲೆ ಬಾಗಿಲ ಕಡೆ ನೋಡಿ ಆ ಹುಡುಗನನ್ನು ಕರೆದ. ಅವನ ಮನೆಯಲ್ಲಿ ಯಾರೂ ಅವನನ್ನು ಏನೂ ಹುಡುಕಲು ಕಳಿಸಿದವರಲ್ಲ. ಅವನಿಗೆ ಕಳೆದರೂ ಒಂದೇ, ತೆಗೆದರೂ ಒಂದೇ. ಒಂಬತ್ತು ಅಂದ.

ನಾನು ಗೇಟಿನ ಹತ್ತಿರ ನಿಂತು ಮೇಲ್ವಿಚಾರಕನ ಅಪ್ಪ ಅಜ್ಜಂದಿರನ್ನೆಲ್ಲ ಎಳೆದು ತಂದು ಬೈದೆ. ಕೇಳಿಸಿಕೊಂಡದ್ದು ವಾಚ್‌ಮನ್ ಒಬ್ಬನೇ. ಪತ್ತೆ ನನ್ನ ಅಂಗಿ ಜಗ್ಗಿ, “ಅಪ್ಪಾ, ಇನ್ನೊಂದ್ಸಲ ಹೋಗಿ ನೋಡೋಣ, ಸಿಗುತ್ತೆ” ಅನ್ನುತ್ತಿದ್ದಳು.

ಮರುದಿನ ಅವರು ನನ್ನ ವರ್ಕ್‌ಷಾಪಿಗೆ ಬಂದರು. ಆ ಜಾಗಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಕಿಡಿ ಹಾರುತ್ತಿದ್ದರೂ ಲೆಕ್ಕಿಸದೆ ಒಳಗೇ ಬಂದು ನಿಂತರು. ಮುಖ ಒಣಗಿಹೋಗಿತ್ತು.

“ಅವನದ್ದು ತಪ್ಪಿಲ್ಲ. ಪದ ತೆಗೆದುಹಾಕಿದ್ದು ನಾನು” ಅಂದರು.

“ಬಿಡಿ ಟೀಚರ್. ಅವನಿಗೇನು ಬಂದಿತ್ತು ರೋಗ, ಬೇರೆ ಥರ ಕೇಳೋಕೆ?”

“ಲೋಕ ಎಲ್ಲ ಹಾಗೇ ಕೇಳುತ್ತೆ. ಅವಳಿಗೆ ಸುಲಭ ಆಗ್ಲಿ ಅಂತ ದಾರೀಲಿದ್ದ ಕಲ್ಲು ಎತ್ತಿ ಬಿಸಾಕ್ದೆ. ಕಲ್ಲು ದಾಟೋದು ಕಲಿಸ್ಲಿಲ್ಲ. ಏಳೆಂಟ್ಲದಲ್ಲಿ ಬಿದ್ದವಳು ನಾನು, ಬೀಳೋ ಜಾಗ ಎಲ್ಲ ಗೊತ್ತು ಅನ್ಕೊಂಡಿದ್ದೆ.” ಮತ್ತೆ, “ಮುಂದಿನ ವರ್ಷ ಇನ್ನೊಂದು ಜಾಗ ಕೊಡ್ತೀವಿ ಅಂದಿದಾರೆ. ಅಷ್ಟರೊಳಗೆ ಕಲಿಸ್ತೀನಿ. ಮನೆಗೇ ಬಂದು ಕಲಿಸ್ತೀನಿ” ಅಂದರು.

ಶಾಲೆ ಬಿಟ್ಟಮೇಲೆ ಬರುತ್ತಿದ್ದರು. ಹೊಲಿಗೆ ಮಿಷಿನ್ನಿನ ಪಕ್ಕದಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಕಡ್ಡಿ, ಗುಂಡಿ, ಖಾಲಿ ದಾರದ ರೀಲು, ಎಲ್ಲ ಮುಂದಿಟ್ಟುಕೊಂಡು ‘ಕಳೆ, ಕಳೆ, ಕಳೆ’. ಪತ್ತೆ ಏಳಲು ಹೋದರೆ ಕೈಹಿಡಿದು ಕೂರಿಸುವರು. “ಹುಡುಕ್ಬಾರ್ದು ಕಂದ. ಎಷ್ಟು ಉಳೀತು ಅಷ್ಟೇ ಹೇಳು.” ಎಷ್ಟೋ ಸಂಜೆ ಇದೇ ಆಯಿತು. ಪತ್ತೆ ಅತ್ತಳು, ಮುನಿಸಿಕೊಂಡಳು, ಕಡ್ಡಿ ಎಸೆದಳು. ಕೊನೆಗೊಂದು ದಿನ ಏಳದೆ ಕೂತಲ್ಲೇ, “ಮೂರು” ಅಂದಳು. ಸರಿಯಾದ ಉತ್ತರ. ನಾನು ಕುಣಿಯುವುದೊಂದು ಬಾಕಿ.

ಅದಾಗಿ ಕೆಲವು ದಿನಕ್ಕೆ ನನ್ನ ಹೆಂಡತಿಯ ಕತ್ತರಿ ಕಾಣದಾಯಿತು. ಈಗ ಪದಕ್ಕೆ ನಿಷೇಧ ಇಲ್ಲವಲ್ಲ, ಅವಳು ಹಳೆಯ ರೂಢಿಯಲ್ಲೇ, “ಪತ್ತೇ, ಕತ್ತರಿ ಕಳೆದುಹೋಯ್ತಲ್ಲೇ!” ಎಂದು ಕೂಗಿದಳು.

ಪತ್ತೆ ಚಾಪೆಯ ಮೇಲೆ ಕೂತೇ ಇದ್ದಳು. ಬೆರಳು ಮಡಚಿದಳು. “ಒಂದು ಕಡಿಮೆ” ಅಂದಳು.

“ಹುಡುಕೇ ಚಿನ್ನ.”

“ಹುಡುಕ್ಬಾರ್ದು.”

ಟೀಚರ್ ಅಲ್ಲೇ ಇದ್ದರು. ಅವರು ಪತ್ತೆಯ ಮುಖವನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಮೆಲ್ಲಗೆ ಕಡ್ಡಿಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡರು. “ಇವತ್ತಿಗೆ ಸಾಕು” ಅಂದರು. ಆಮೇಲೆ ಹೊರಬಾಗಿಲಿಗೆ ಬಂದು ನನಗೆ ಹೇಳಿದರು, “ಇದು ಬೇಡ. ಇನ್ನು ನಾನು ಕಲಿಸಲ್ಲ.”

“ಯಾಕೆ? ಈಗ ತಾನೇ ಹಿಡಿದಿದಾಳೆ!”

“ಏನು ಹಿಡಿದ್ಲು, ಏನು ಬಿಟ್ಲು ನೋಡಿದ್ರಲ್ಲ. ಅವಳಿಗೆ ಇದ್ದಿದ್ದು ಅದೊಂದು. ಅದನ್ನೇ ಕಿತ್ಕೊಂಡು ಕೈಗೆ ಒಂದು ಅಂಕಿ ಕೊಡ್ತಿದೀನಿ.”

“ಹುಡುಕಾಟ ಅನ್ನ ಹಾಕುತ್ತಾ ಟೀಚರ್? ಮುಂದಿನ ವರ್ಷ ಜಾಗ ಇದೆ ಅಂದವರು ನೀವೇ!” ನನ್ನ ದನಿ ಬೀದಿಯ ಕೊನೆಗೆ ಕೇಳಿಸಿರಬೇಕು. “ಒಂದ್ಸಲ ಪದ ತೆಗೆದ್ರಿ, ಈಗ ಪಾಠ ತೆಗಿತೀರ. ನೀವು ತೆಗಿತಾ ಹೋಗಿ, ಉಳಿದದ್ದನ್ನ ನಾವು ಎಣಿಸ್ಕೊಂಡು ಕೂತ್ಕೋತೀವಿ!”

ಅವರು ಚೀಲ ಹೆಗಲಿಗೇರಿಸಿಕೊಂಡು ಹೋದರು.

ಆ ವರ್ಷವೇ ಪೇಂಟ್ ಅಂಗಡಿಯವನು ಮೇಲಿನ ಮಹಡಿ ಗೋದಾಮಿಗೆ ಬೇಕೆಂದ. ಶಾಲೆ ಊರಾಚೆಯ ಇನ್ನೊಂದು ಸಂಸ್ಥೆಯ ಜೊತೆ ಸೇರಿತು. ಟೀಚರ ಗಂಡನಿಗೆ ದೂರದ ಡಿಪೋಗೆ ವರ್ಗವಾಯಿತು. ಸೋಪಿನ ಕಾರ್ಖಾನೆಗೆ ತುಂಬುವ ಮಿಷಿನ್ ಬಂತು, ಜಾಗದ ಮಾತು ಅಲ್ಲಿಗೆ ನಿಂತಿತು. ಆ ಹುಡುಗ ಮಾತ್ರ ಇನ್ನೂ ಅಲ್ಲೇ ಇದ್ದಾನೆ. ಬಸ್ಸಿನಲ್ಲಿ ಸಿಗುತ್ತಾನೆ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ನನ್ನನ್ನು ಕಂಡರೆ ಸೀಟು ಬಿಟ್ಟುಕೊಡುತ್ತಾನೆ. ನಾನು ಕೂರುವುದಿಲ್ಲ.

ಟೀಚರ್ ಹೊರಡುವ ಮೊದಲು ನಮ್ಮ ಮನೆಗೆ ಬಂದರು. ಪತ್ತೆಯ ತಲೆ ಸವರಿ, ನನ್ನ ಹೆಂಡತಿಯ ಕೈಗೆ ಹೊಸ ಫೋನ್ ನಂಬರ್ ಬರೆದ ಚೀಟಿ ಕೊಟ್ಟರು. ನಾನು ಅಂಗಳದಲ್ಲಿ ಬೇಕೆಂದೇ ಒಂದು ಗೇಟಿಗೆ ಅರ ಉಜ್ಜುತ್ತಿದ್ದೆ. ಹತ್ತಿರ ಬಂದು ನಿಂತರು.

“ನಿಮಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?”

ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ಇದೆ ಅನ್ನಲು ಆ ಮುಖ ನೋಡಿ ನಾಲಗೆ ಏಳಲಿಲ್ಲ. “ಕೆಲಸ ಇದೆ ಟೀಚರ್. ಆಮೇಲೆ ಹೇಳ್ತೀನಿ” ಅಂದೆ.

“ಸರಿ. ಫೋನ್ ಮಾಡಿ ಹೇಳಿ. ಬೈದ್ರೂ ಪರವಾಗಿಲ್ಲ, ಹೇಳಿ” ಅಂದರು. ಅವರ ಗಂಡ ರಸ್ತೆಯಿಂದ ಹಾರ್ನ್ ಹೊಡೆದರು.

ಪತ್ತೆ ಆಮೇಲೆ ಬಹಳ ದಿನ ಏನನ್ನೂ ಹುಡುಕಲಿಲ್ಲ. ಪಕ್ಕದ ಮನೆಯವರು ಬಂದು ಕರೆದರೂ ತಲೆ ತಗ್ಗಿಸಿ ಕೂರುತ್ತಿದ್ದಳು. ಆಮೇಲೆ ಅವರೂ ಬರುವುದು ಬಿಟ್ಟರು. ನನ್ನ ಸಿಟ್ಟು ಆಗೆಲ್ಲ ಇನ್ನಷ್ಟು ಹೊಗೆಯಾಡಿತು. ಫೋನ್ ಮಾಡಲಿಲ್ಲ.

ಎಷ್ಟೋ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಊಟಕ್ಕೆ ಬಂದಿದ್ದೆ. ನನ್ನ ಹೆಂಡತಿ ಬಟ್ಟೆಯ ರಾಶಿ ಕೊಡವುತ್ತ, “ಟೇಪು ಎಲ್ಲೋ ಕಳೀತು” ಎಂದು ತನ್ನಷ್ಟಕ್ಕೇ ಗೊಣಗಿದಳು. ಪತ್ತೆ ಗುಂಡಿ ವಿಂಗಡಿಸುತ್ತಿದ್ದಳು. ಕೈ ನಿಲ್ಲಿಸಿದಳು. ಅವಳ ಹಣೆ ಗಂಟಿಕ್ಕಿತು. ಕಟ್ಟು ಬಿಚ್ಚುವಾಗ ಹಾಗಾಗುತ್ತಿತ್ತು.

“ಅಮ್ಮಾ, ಲೆಕ್ಕದ್ದಾ, ಮನೇದಾ?”

“ಏನೇ?”

“ಕಳೆದಿದ್ದು. ಲೆಕ್ಕದ ಕಳೆಯಾ? ಮನೆ ಕಳೆಯಾ?”

ನನ್ನ ಹೆಂಡತಿ ನನ್ನ ಮುಖ ನೋಡಿದಳು. “ಮನೇದು ಕಣೇ” ಅಂದಳು. ಪತ್ತೆ ಎದ್ದು ಮಿಷಿನ್ನಿನಡಿ ಹೊಕ್ಕಳು.

ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. ಎರಡು ಅರ್ಥಗಳನ್ನು ಎರಡು ಬದಿಗೆ ಇಡುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಟೀಚರ್ ಒಂದು ಅರ್ಥ ಕೊಟ್ಟಿದ್ದರು, ನಾವು ಒಂದು. ಕೂತು ಕೂತು, ಯಾರಿಗೂ ಹೇಳದೆ, ಅವಳೇ ಬೇರೆ ಮಾಡಿಕೊಂಡಿದ್ದಳು. ನಾನು ಮೆಲ್ಲಗೆ, “ಪತ್ತೆ, ಹದಿನೈದರಲ್ಲಿ ಆರು ಕಳೆದರೆ?” ಅಂದೆ. ಮಿಷಿನ್ನಿನಡಿಯಿಂದಲೇ ಕೇಳಿಸಿತು: “ಅದು ಲೆಕ್ಕದ್ದು. ಒಂಬತ್ತು. ಸುಮ್ನಿರಿ ಅಪ್ಪ, ನಾನು ಕೆಲಸದಲ್ಲಿದೀನಿ.”

ಎರಡು ಸಲ ಕೆಡಿಸಿದೆ ಎಂದುಕೊಂಡು ಹೋದ ಹೆಂಗಸು ಎರಡು ಸಲವೂ ಕೆಡಿಸಿರಲಿಲ್ಲ. ಕಲಿಸಿಯಾಗಿತ್ತು, ಹಣ್ಣಾಗಲು ಹೊತ್ತು ಬೇಕಿತ್ತು, ಅಷ್ಟೆ. ಅದು ಅವರಿಗೇ ಗೊತ್ತಿಲ್ಲ.

ಕೈ ತೊಳೆಯದೆ ಫೋನ್ ಎತ್ತಿದೆ. ಆ ನಂಬರ್ ಬಳಕೆಯಲ್ಲಿಲ್ಲ ಅಂದಿತು. ಮತ್ತೆ ಮಾಡಿದೆ, ಮತ್ತೆ ಅದೇ. ಡಿಪೋಗೆ ಹೋಗಿ ವಿಚಾರಿಸಿದೆ. ಡ್ರೈವರ್ ಕೆಲಸ ಬಿಟ್ಟಿದ್ದರಂತೆ. ಯಾಕೆ ಬಿಟ್ಟರು, ಎಲ್ಲಿಗೆ ಹೋದರು, ಒಬ್ಬೊಬ್ಬರದು ಒಂದೊಂದು ಮಾತು. ಮಗನ ಮನೆಗೆ ಅಂದರು ಒಬ್ಬರು. ಅವರಿಗೆ ಮಗನೇ ಇರಲಿಲ್ಲ. ಹೆಂಡತಿಗೆ ಹುಷಾರಿರಲಿಲ್ಲ ಅಂದರು ಇನ್ನೊಬ್ಬರು. ಹೊಸ ಸಂಸ್ಥೆಯಲ್ಲಿ ಕಡ್ಡಿ ಟೀಚರ್ ಅಂದರೆ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೌಂಟರಿನಲ್ಲಿದ್ದವಳ ಮೇಲೆ ಕೂಗಾಡಿ ಬಂದೆ. ಅವಳೇನು ಮಾಡುತ್ತಾಳೆ?

ಬೈಯಲು ಒಂದು ಕ್ಷಣವೂ ತಡ ಮಾಡಿದ ಬಾಯಲ್ಲ ಇದು. ಒಬ್ಬರು ಎದುರಿಗೆ ನಿಂತು ಒಂದು ಪ್ರಶ್ನೆ ಕೇಳಿದರು, ಆಮೇಲೆ ಹೇಳುತ್ತೇನೆ ಎಂದು ಬಾಕಿ ಇಟ್ಟುಕೊಂಡೆ. ಉತ್ತರ ಈಗ ನನ್ನ ಹತ್ತಿರ ಇದೆ. ಇಲ್ಲ ಟೀಚರ್, ಸಿಟ್ಟಿಲ್ಲ. ಅದು ಅವರಿಗೆ ಸಲ್ಲಬೇಕಾದದ್ದು, ಇನ್ನೂ ಸಂದಿಲ್ಲ.